ಕುರ್ಚಿಯ ಎತ್ತರ: ಏಳಲು ಕಷ್ಟಪಡುವವರಿಗೆ ಮನೆಯಲ್ಲೇ ಮಾಡಬಹುದಾದ ಕಡಿಮೆ ಖರ್ಚಿನ ಅನುಕೂಲ

(ರೋಗಿಗಳಿಗೂ ಜೊತೆಗಿರುವ ಬಂಧುಗಳಿಗೂ ತಿಳಿವಳಿಕೆ)

ಮೊಣಕಾಲು ಅಥವಾ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಡುವವರು, ಸಂಧಿವಾತದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ವಯಸ್ಸಾಗಿ ತೊಡೆಯ ಶಕ್ತಿ ಕುಂದಿದವರು ಎಲ್ಲರೂ ಮಾತ್ರೆ, ಪಥ್ಯ, ಗಾಯದ ಆರೈಕೆಯ ಬಗ್ಗೆ ತಪ್ಪದೆ ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಯಾವ ಕುರ್ಚಿಯಲ್ಲಿ ಕೂರಬೇಕು, ಅದು ಎಷ್ಟು ಎತ್ತರವಿರಬೇಕು ಎಂದು ಕೇಳುವವರು ಕಡಿಮೆ. ದಿನಕ್ಕೆ ಹತ್ತು ಹದಿನೈದು ಸಲ ಕೂತು ಏಳುವುದು ಮಾತ್ರ ಆ ಕುರ್ಚಿಯಿಂದಲೇ.

ನಮ್ಮ ಮಂಚೇನಹಳ್ಳಿ ಸುತ್ತಿನ ಹಳೆಯ ಮನೆಗಳ ಜಗಲಿಯನ್ನು ನೆನಪಿಸಿಕೊಳ್ಳಿ. ಜಗಲಿಯ ಮೇಲೆ ಕೂತ ಅಜ್ಜಿ ಅಂಗೈ ಊರಿ ತಾವೇ ಎದ್ದು ನಿಲ್ಲುತ್ತಾರೆ. ಅದೇ ಅಜ್ಜಿಯನ್ನು ಒಳಗಿನ ಮೆತ್ತನೆಯ ಸೋಫಾದಲ್ಲಿ ಕೂರಿಸಿದರೆ ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಗುತ್ತದೆ. ಎರಡು ಕಡೆಯೂ ಮೊಣಕಾಲು ಅದೇ. ಬದಲಾದದ್ದು ಕೂರುವ ಜಾಗದ ಎತ್ತರ ಮತ್ತು ಗಟ್ಟಿತನ. ಇವೆರಡನ್ನೂ ಸರಿಪಡಿಸಲು ಹೊಸ ಕುರ್ಚಿ ಕೊಳ್ಳಬೇಕಾಗಿಲ್ಲ. ಒಂದು ಅಳತೆ ಟೇಪು, ಸ್ವಲ್ಪ ಮರ, ಊರಿನ ಆಚಾರಿಯ ಸ್ವಲ್ಪ ಹೊತ್ತಿನ ಕೆಲಸ ಸಾಕು. ಆದರೆ ಭದ್ರವಾಗಿ ಮಾಡಬೇಕು. ಭದ್ರವಿಲ್ಲದ ಎತ್ತರ ತಗ್ಗು ಕುರ್ಚಿಗಿಂತಲೂ ಅಪಾಯ.

ಕುರ್ಚಿ ತಗ್ಗಾಗಿದ್ದರೆ ಏನಾಗುತ್ತದೆ?

ಕುರ್ಚಿ ತಗ್ಗಾದಷ್ಟೂ ಮೊಣಕಾಲು ಮತ್ತು ಸೊಂಟ ಹೆಚ್ಚು ಮಡಚಿಕೊಳ್ಳುತ್ತವೆ. ಅಷ್ಟು ಮಡಚಿದ ಸ್ಥಿತಿಯಿಂದ ಇಡೀ ದೇಹದ ಭಾರವನ್ನು ತೊಡೆಯ ಸ್ನಾಯುಗಳು ಮೇಲಕ್ಕೆತ್ತಬೇಕು. ಕುರ್ಚಿಯಿಂದ ಏಳುವ ಕ್ರಿಯೆಯ ಬಗ್ಗೆ ನಡೆದಿದ್ದ ಅಧ್ಯಯನಗಳನ್ನು ನೆದರ್ಲ್ಯಾಂಡ್ಸ್ ದೇಶದ ಸಂಶೋಧಕರು 2002ರಲ್ಲಿ ಒಟ್ಟುಗೂಡಿಸಿ ನೋಡಿದರು. ಕೂರುವ ಜಾಗ ಎತ್ತರವಾದಾಗ ಏಳುವಾಗಿನ ಶ್ರಮ ಮೊಣಕಾಲಿನಲ್ಲಿ ಶೇಕಡಾ 60ರವರೆಗೆ, ಸೊಂಟದ ಕೀಲಿನಲ್ಲಿ ಶೇಕಡಾ 50ರವರೆಗೆ ತಗ್ಗಬಹುದು ಎಂದು ಅವರು ತಿಳಿಸಿದ್ದಾರೆ. ಕೈಯಿಟ್ಟು ಒತ್ತಲು ಕುರ್ಚಿಗೆ ಕೈಗಳಿದ್ದರೆ ಇನ್ನೂ ಸಲೀಸು.

ಇದು ಬರೀ ಅನುಕೂಲದ ಮಾತಲ್ಲ. ಏಳುವುದು ಕಷ್ಟವಾದ ಹಿರಿಯರು ಬೇರೆಯವರನ್ನು ಕರೆಯಲು ಸಂಕೋಚಪಡುತ್ತಾರೆ. ಮಗ ಹೊಲಕ್ಕೆ ಹೋಗಿರುತ್ತಾನೆ, ಸೊಸೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿರುತ್ತಾಳೆ. "ಯಾಕೆ ತೊಂದರೆ ಕೊಡೋದು" ಎಂದು ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಪದೇ ಪದೇ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದರಿಂದ ಮಲಬದ್ಧತೆ, ಮೂತ್ರದ ಸೋಂಕು ಬರಬಹುದು. ಒಂದೇ ಕಡೆ ಕೂತಿರುವುದರಿಂದ ಕಾಲು ಊದುವುದು, ಒತ್ತುಹುಣ್ಣು, ಸ್ನಾಯುಗಳ ಸವೆತ ಶುರುವಾಗುತ್ತವೆ. ಸ್ನಾಯು ಸವೆದಂತೆ ಏಳುವುದು ಮತ್ತಷ್ಟು ಕಷ್ಟ. ಹೀಗೆ ನಡೆದಾಡುತ್ತಿದ್ದವರು ಹಾಸಿಗೆ ಹಿಡಿಯುವ ದಾರಿ ಕೆಲವೊಮ್ಮೆ ಒಂದು ತಗ್ಗು ಕುರ್ಚಿಯಿಂದ ಆರಂಭವಾಗುತ್ತದೆ.

ಎಬ್ಬಿಸುವವರಿಗೂ ತೊಂದರೆಯಿದೆ. ಬಗ್ಗಿ ಎತ್ತುವವರ ಸೊಂಟ ಹಿಡಿಯುತ್ತದೆ. ಪಾರ್ಶ್ವವಾಯು ಆದವರನ್ನು ಕಂಕುಳಿಗೆ ಕೈಹಾಕಿ, ಇಲ್ಲವೇ ಬಿದ್ದುಹೋದ ಕೈಯನ್ನು ಹಿಡಿದು ಎಳೆದರೆ ಹೆಗಲ ಕೀಲು ಜಾರುವ ಅಪಾಯವಿದೆ.

ಎಷ್ಟು ಎತ್ತರ ಬೇಕು? ಅಳೆಯುವ ಕ್ರಮ

ಎಲ್ಲರಿಗೂ ಒಂದೇ ಎತ್ತರ ಹೊಂದುವುದಿಲ್ಲ. ಕುರ್ಚಿಯನ್ನು ಬಳಸುವವರ ಕಾಲಿಗೆ ತಕ್ಕಂತೆ ಅಳೆಯಬೇಕು.

1. ಕಾಲಿನ ಅಳತೆ: ರೋಗಿಯನ್ನು ಬೆಂಚು ಅಥವಾ ಗಟ್ಟಿ ಮಂಚದ ಅಂಚಿನಲ್ಲಿ ಪಾದ ನೆಲಕ್ಕೆ ಪೂರ್ತಿ ಊರುವಂತೆ ಕೂರಿಸಿ. ಮನೆಯೊಳಗೆ ಚಪ್ಪಲಿ ಹಾಕುವವರಾದರೆ ಹಾಕಿಕೊಂಡೇ ಇರಲಿ. ನೆಲದಿಂದ ಮೊಣಕಾಲಿನ ಹಿಂಭಾಗದ ಮಡಿಕೆಯವರೆಗೆ ಅಳೆಯಿರಿ.
2. ಕುರ್ಚಿಯ ಅಳತೆ: ರೋಗಿ ಕುರ್ಚಿಯಲ್ಲಿ ಕೂತಿರುವಾಗಲೇ, ನೆಲದಿಂದ ಅವರ ತೊಡೆಯ ಕೆಳಗೆ ಒತ್ತಿಕೊಂಡ ಮೆತ್ತೆಯವರೆಗೆ ಅಳೆಯಿರಿ. ಖಾಲಿ ಕುರ್ಚಿಯ ಅಳತೆ ಮೋಸ ಮಾಡುತ್ತದೆ. ಹಳೆಯ ಮೆತ್ತೆ ಕೂತಾಗ ಎರಡು ಮೂರು ಇಂಚು ಕುಸಿಯಬಹುದು.
3. ಬೇಕಾದ ಎತ್ತರ: ಕಾಲಿನ ಅಳತೆಗೆ 2 ಇಂಚು ಸೇರಿಸಿ.
4. ಏರಿಸಬೇಕಾದದ್ದು: ಬೇಕಾದ ಎತ್ತರದಲ್ಲಿ ಕುರ್ಚಿಯ ಅಳತೆಯನ್ನು ಕಳೆಯಿರಿ.

ಉದಾಹರಣೆಗೆ, ಕಾಲಿನ ಅಳತೆ 16 ಇಂಚು ಇದ್ದರೆ ಬೇಕಾದ ಎತ್ತರ 18 ಇಂಚು. ಕೂತಾಗ ಕುರ್ಚಿ 14½ ಇಂಚು ಇದ್ದರೆ 3½ ಇಂಚು ಏರಿಸಬೇಕು.

ಸೊಂಟದ ಕೀಲು ಬದಲಾಯಿಸಿಕೊಂಡವರು ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಎಷ್ಟು ವಾರ ಈ ನಿಯಮ ಪಾಲಿಸಬೇಕು, ಎಷ್ಟು ಎತ್ತರ ಬೇಕು ಎಂಬುದು ಶಸ್ತ್ರಚಿಕಿತ್ಸೆಯ ವಿಧಾನದ ಮೇಲೆ ನಿಂತಿದೆ. ಅವರು ವೈದ್ಯರು ಹೇಳಿದ ಅಳತೆಯನ್ನೇ ಅನುಸರಿಸಬೇಕು.

ಮರ ಕೊಯ್ಯುವ ಮೊದಲು ಪರೀಕ್ಷಿಸಿ ನೋಡಿ

ಮನೆಯಲ್ಲಿರುವ ಜಮಖಾನ ಅಥವಾ ಕಂಬಳಿಯನ್ನು ಗಟ್ಟಿಯಾಗಿ ಮಡಚಿ ಕುರ್ಚಿಯ ಮೇಲೆ ಸಮನಾಗಿ ಹಾಸಿ. ರೋಗಿ ಕೂತು ಏಳಲಿ. ಒಬ್ಬರು ಪಕ್ಕದಲ್ಲೇ ನಿಂತಿರಿ. ಒಂದೊಂದೇ ಮಡಿಕೆ ಹೆಚ್ಚಿಸುತ್ತಾ ಹೋಗಿ. ಯಾವ ಎತ್ತರದಲ್ಲಿ ಕುರ್ಚಿಯ ಕೈಗಳನ್ನು ಒತ್ತಿ, ತೂಗಾಡದೆ, ಒಂದೇ ಪ್ರಯತ್ನಕ್ಕೆ ಏಳುತ್ತಾರೋ ಆ ಎತ್ತರ ಅವರಿಗೆ ಸರಿ. ಅಳತೆಯ ಲೆಕ್ಕಕ್ಕೆ ಇದು ಹೆಚ್ಚು ಕಡಿಮೆ ಹೊಂದಬೇಕು. ಪರೀಕ್ಷೆ ಮುಗಿದ ಮೇಲೆ ಕಂಬಳಿ ತೆಗೆಯಿರಿ. ಅದು ಜಾರುವುದರಿಂದ ದಿನಬಳಕೆಗೆ ಸಲ್ಲದು.

ಒಂದರಿಂದ ಎರಡು ಇಂಚು ಸಾಕಾದರೆ

ಮೆತ್ತೆ ತೆಗೆಯಲು ಬರುವ ಸೋಫಾ ಅಥವಾ ಕುರ್ಚಿಯಾದರೆ, ಮೆತ್ತೆಯ ಕೆಳಗೆ ಚೌಕಟ್ಟಿನಿಂದ ಚೌಕಟ್ಟಿಗೆ ಕೂರುವಂತೆ 12 ಮಿಲಿಮೀಟರ್ ಪ್ಲೈವುಡ್ ಹಲಗೆ ಇಡಿ. ಕುಸಿತ ನಿಂತರೆ ಎಷ್ಟೋ ಸಲ ಅದೇ ಸಾಕಾಗುತ್ತದೆ.

ಇನ್ನೂ ಬೇಕಾದರೆ ಗಟ್ಟಿ ಫೋಮಿನ ಮೆತ್ತೆ ಹಾಕಿಸಿ. ಹಾಸಿಗೆ ಅಂಗಡಿಗಳಲ್ಲಿ ರೀಬಾಂಡೆಡ್ ಫೋಮ್ ಎಂದು ಕೇಳಿದರೆ ಸಿಗುತ್ತದೆ. ಹಳೆಯ ತೆಂಗಿನ ನಾರಿನ ಹಾಸಿಗೆಯ ತುಂಡನ್ನು ಕತ್ತರಿಸಿ ಗವಸು ಹೊಲಿಸಿದರೂ ಆದೀತು. ಹತ್ತಿಯ ದಿಂಬು ಬೇಡ; ಕೂತ ಕೂಡಲೇ ಕುಸಿದು ಒಂದು ಪಕ್ಕಕ್ಕೆ ವಾಲುತ್ತದೆ. ಗವಸಿಗೆ ಕಟ್ಟುದಾರ ಹೊಲಿಸಿ ಕುರ್ಚಿಗೆ ಬಿಗಿಯಿರಿ.

ಒಂದು ಮಾತು ನೆನಪಿಡಿ. ಮೆತ್ತೆಯನ್ನು ಎತ್ತರಿಸಿದಷ್ಟೂ ಕುರ್ಚಿಯ ಕೈಗಳು ತಗ್ಗಾದಂತೆ ಆಗುತ್ತವೆ, ಒತ್ತಿ ಏಳಲು ಸಿಗುವುದಿಲ್ಲ. ಆದ್ದರಿಂದ ಎರಡು ಇಂಚಿಗಿಂತ ಹೆಚ್ಚು ಬೇಕಿದ್ದರೆ ಮೆತ್ತೆಯನ್ನಲ್ಲ, ಇಡೀ ಕುರ್ಚಿಯನ್ನೇ ಏರಿಸಬೇಕು.

ನಾಲ್ಕು ಕಾಲಿನ ಮರದ ಕುರ್ಚಿ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ಸಾಕುವ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲಿನೊಳಗೆ ಇಡುವುದನ್ನು ನೀವು ನೋಡಿರುತ್ತೀರಿ. ಬಟ್ಟಲಿನ ಅಂಚು ಕಾಲನ್ನು ಸುತ್ತುವರಿದಿರುತ್ತದೆ. ಕುರ್ಚಿಗೂ ಇದೇ ರೀತಿ ಬೇಕು: ಕಾಲು ಮರದ ದಿಮ್ಮಿಯ ಮೇಲೆ ನಿಲ್ಲಬಾರದು, ದಿಮ್ಮಿಯಲ್ಲಿ ಕೊರೆದ ಗುಳಿಯೊಳಗೆ ಇಳಿದು ನಿಲ್ಲಬೇಕು.

- ಹಳೆಯ ಮನೆ ಬಿಚ್ಚಿದಾಗ ಉಳಿದ ತೊಲೆ ಅಥವಾ ಬಾಗಿಲುವಾಡದ ಗಟ್ಟಿ ತುಂಡು ಇದಕ್ಕೆ ಒಳ್ಳೆಯದು. ಗೆದ್ದಲು ತಿಂದ, ಸೀಳಿದ ಮರ ಬೇಡ.
- ಪ್ರತಿ ದಿಮ್ಮಿಯ ತಳ ಕನಿಷ್ಠ 5 ಇಂಚು ಚೌಕವಿರಲಿ.
- ಗುಳಿ 1 ಇಂಚು ಆಳವಿರಲಿ, ಕುರ್ಚಿಯ ಕಾಲಿಗೆ ಬಿಗಿಯಾಗಿ ಹೊಂದಲಿ. 3 ಇಂಚು ಏರಿಸಬೇಕಾದರೆ ದಿಮ್ಮಿ 4 ಇಂಚು ಎತ್ತರವಿರಬೇಕು.
- ಮುಂದಿನ ಮತ್ತು ಹಿಂದಿನ ಕಾಲಿನ ದಿಮ್ಮಿಗಳನ್ನು ಉದ್ದನೆಯ ಪಟ್ಟಿಯಿಂದ ಸ್ಕ್ರೂ ಹಾಕಿ ಜೋಡಿಸಿ. ಬಿಡಿಬಿಡಿ ದಿಮ್ಮಿಗಿಂತ ಇದು ಎಷ್ಟೋ ಭದ್ರ. ಮೊಳೆ ದಿನ ಕಳೆದಂತೆ ಸಡಿಲವಾಗುತ್ತದೆ, ಸ್ಕ್ರೂವೇ ಇರಲಿ.
- ತಳಕ್ಕೆ ಸೈಕಲ್ ಅಥವಾ ಸ್ಕೂಟರಿನ ಹಳೆಯ ಟ್ಯೂಬು ಕತ್ತರಿಸಿ ಅಂಟಿಸಿ. ಟೈಲ್ಸ್ ಮತ್ತು ರೆಡ್ ಆಕ್ಸೈಡ್ ನೆಲದ ಮೇಲೆ ಜಾರುವುದಿಲ್ಲ, ನೆಲ ಒರೆಸುವಾಗ ಮರ ನೀರು ಕುಡಿಯುವುದಿಲ್ಲ.

ಪ್ಲಾಸ್ಟಿಕ್ ಕುರ್ಚಿ

ಇದರ ಕಾಲು ತೆಳು, ಒತ್ತಡಕ್ಕೆ ಅಗಲಕ್ಕೆ ಬಾಗುತ್ತದೆ. ಇದರ ಕೆಳಗೆ ದಿಮ್ಮಿ ಇಡಬೇಡಿ. ಕೈಗಳಿರುವ, ಒಂದೇ ಮಾದರಿಯ ಎರಡು ಕುರ್ಚಿಗಳನ್ನು ಒಂದರೊಳಗೊಂದು ಕೂರಿಸಿದರೆ ಎತ್ತರವೂ ಹೆಚ್ಚುತ್ತದೆ, ಬಲವೂ ಬರುತ್ತದೆ. ಎಷ್ಟು ಎತ್ತರವಾಯಿತೆಂದು ಅಳೆದು ನೋಡಿ. ಎರಡನ್ನೂ ಹಗ್ಗದಿಂದ ಬಿಗಿದು ಕಟ್ಟಿ, ಬೆನ್ನನ್ನು ಗೋಡೆಗೆ ತಾಗಿಸಿ ಇಡಿ. ಬಿಸಿಲಿಗೆ ಬಿದ್ದು ಬಿಳಿಚಿದ, ಬಿರುಕು ಬಿಟ್ಟ ಕುರ್ಚಿ ಬೇಡವೇ ಬೇಡ.

ರಿಕ್ಲೈನರ್ ಕುರ್ಚಿ

ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ವಾಲಿ, ಮುಂದೆ ಕಾಲುಮಣೆ ಏಳುವ ಮೆತ್ತನೆಯ ಕುರ್ಚಿ ಇದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ತಂದೆತಾಯಿಗೆಂದು ಪ್ರೀತಿಯಿಂದ ತಂದುಕೊಡುತ್ತಾರೆ. ಕಾಲು ಚಾಚಿ ವಿಶ್ರಾಂತಿ ಪಡೆಯಲು ಒಳ್ಳೆಯದೇ. ಆದರೆ ಹಲವು ರಿಕ್ಲೈನರ್‌ಗಳ ಕೂರುವ ಜಾಗ ತಗ್ಗು, ಆಳ ಮತ್ತು ಮೆತ್ತಗೆ. ಸಣ್ಣ ಆಳ್ತನದ ಹೆಂಗಸರಿಗಂತೂ ಅದರಿಂದ ಏಳುವುದು ಬಾವಿಯಿಂದ ಮೇಲೆ ಬಂದಂತೆ.

ಇದರ ನಾಲ್ಕು ಮೂಲೆಗೆ ಬಿಡಿ ದಿಮ್ಮಿ ಇಡುವುದು ಅಪಾಯ. ಬೆನ್ನು ವಾಲಿದಾಗ ಭಾರ ಹಿಂದಕ್ಕೆ, ಕಾಲುಮಣೆ ಎದ್ದಾಗ ಮುಂದಕ್ಕೆ ಸರಿಯುತ್ತದೆ. ಈ ಅಲುಗಾಟಕ್ಕೆ ದಿಮ್ಮಿ ಜಾರುತ್ತದೆ. ಕುರ್ಚಿಯ ಇಡೀ ತಳಕ್ಕೆ ಒಂದೇ ಮರದ ಪೀಠ ಮಾಡಿಸುವುದು ಸರಿಯಾದ ಕ್ರಮ.

1. ಕುರ್ಚಿಯನ್ನು ಇಬ್ಬರು ಸೇರಿ ಮೆಲ್ಲಗೆ ಮಗುಚಿ, ನೆಲಕ್ಕೆ ತಾಗುವ ತಳದ ಉದ್ದ ಅಗಲ ಅಳೆಯಿರಿ. ಹೊರಗಿನ ಮೆತ್ತೆಯ ಅಳತೆಯಲ್ಲ, ತಳದ ಅಳತೆ ಬೇಕು.
2. ಆ ಅಳತೆಗೆ ಮರದ ಚೌಕಟ್ಟು ಮಾಡಿಸಿ. ನಡುವೆ ಕನಿಷ್ಠ ಎರಡು ಅಡ್ಡಪಟ್ಟಿ ಇರಲಿ. ಮೇಲೆ 18 ಮಿಲಿಮೀಟರ್ ಪ್ಲೈವುಡ್ ಸ್ಕ್ರೂ ಹಾಕಿ ಕೂರಿಸಿ. 2¾ ಇಂಚು ಎತ್ತರದ ಚೌಕಟ್ಟಿಗೆ ಈ ಹಲಗೆ ಸೇರಿದರೆ ಸುಮಾರು 3½ ಇಂಚು ಆಗುತ್ತದೆ.
3. ಪೀಠದ ಮೇಲೆ ಕುರ್ಚಿಯ ತಳವನ್ನು ಸುತ್ತುವರಿಯುವಂತೆ 1 ಇಂಚಿನ ಪಟ್ಟಿ ಹೊಡೆಸಿ. ಕುರ್ಚಿ ಅದರೊಳಗೆ ಕೂರಬೇಕು, ಯಾವ ಕಡೆಗೂ ಸರಿಯಬಾರದು.
4. ಪೀಠದ ಮುಂಭಾಗ ಕುರ್ಚಿಯ ಮುಂದಿನ ಅಂಚಿಗಿಂತ ಹೊರಗೆ ಚಾಚಬಾರದು. ಏಳುವಾಗ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಪೀಠ ಅಡ್ಡ ಬಂದರೆ ಹಿಮ್ಮಡಿ ತಾಗುತ್ತದೆ, ನಡೆಯುವಾಗ ಎಡವುತ್ತಾರೆ.
5. ಕಾಲುಮಣೆ ಪೂರ್ತಿ ಮುಚ್ಚುತ್ತದೆಯೇ, ಮುಂದಿನ ಪಟ್ಟಿಗೆ ತಾಗುತ್ತದೆಯೇ ನೋಡಿ. ಬೆನ್ನು ವಾಲಲು ಹಿಂದೆ ಗೋಡೆಯಿಂದ ಜಾಗ ಬಿಡಿ.
6. ಕರೆಂಟಿನಿಂದ ನಡೆಯುವ ಕುರ್ಚಿಯಾದರೆ ತಂತಿ ಪೀಠದ ಕೆಳಗೆ ಸಿಕ್ಕಿಕೊಳ್ಳದಂತೆ, ನಡೆಯುವ ದಾರಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ.

ತೂಗುವ ಅಥವಾ ಸುತ್ತ ತಿರುಗುವ ರಿಕ್ಲೈನರ್ ಅನ್ನು ಏರಿಸಬೇಡಿ. ಏಳುವಾಗ ಅಲುಗಾಡುವ ಕುರ್ಚಿ ಎಷ್ಟು ಎತ್ತರವಿದ್ದರೂ ಬೀಳಿಸುತ್ತದೆ. ಬಟ್ಟೆ ಕಟ್ಟಿದ ಹಳೆಯ ಈಸಿ ಚೇರ್ ಕೂಡ ಅಷ್ಟೇ. ಅದರ ತೊಂದರೆ ಕಾಲಿನ ಎತ್ತರದಲ್ಲಲ್ಲ, ಜೋತುಬಿದ್ದ ಬಟ್ಟೆಯಲ್ಲಿದೆ. ಶಸ್ತ್ರಚಿಕಿತ್ಸೆ ಆದವರು ಅದರಲ್ಲಿ ಕೂರುವುದೇ ಬೇಡ.

ಇವುಗಳನ್ನು ಮಾಡಬೇಡಿ

- ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜುಗಲ್ಲು, ಚಪ್ಪಡಿ ತುಂಡುಗಳನ್ನು ಕಾಲಿನ ಕೆಳಗೆ ಇಡಬೇಡಿ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ, ಕೈಗೆ ಸಿಗುತ್ತದೆಂದು ಇಡುವವರಿದ್ದಾರೆ. ಕಲ್ಲಿನ ನುಣುಪು ಮೈಮೇಲೆ ಕಾಲು ಜಾರುತ್ತದೆ, ಇಟ್ಟಿಗೆಯ ಅಂಚು ಪುಡಿಯಾಗುತ್ತದೆ.
- ಪುಸ್ತಕ, ರಟ್ಟು, ಹಲಗೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಡಿ.
- ಚಕ್ರವಿರುವ ಕುರ್ಚಿಯನ್ನು ಏರಿಸಬೇಡಿ.
- 4 ಇಂಚಿಗಿಂತ ಹೆಚ್ಚು ಬೇಕೆನಿಸಿದರೆ ಮನೆಯಲ್ಲೇ ನಿರ್ಧರಿಸಬೇಡಿ, ನಮ್ಮನ್ನು ಕೇಳಿ.

ರೋಗಿ ಕೂರುವ ಮೊದಲು ಭಾರ ಪರೀಕ್ಷೆ

ಮನೆಯಲ್ಲಿ ಎಲ್ಲರಿಗಿಂತ ಭಾರವಾದ ಆರೋಗ್ಯವಂತರು ಮೊದಲು ಕೂರಲಿ. ಹತ್ತು ಸಲ ಕೂತು ಏಳಲಿ. ಒಂದೊಂದೇ ಕೈಯ ಮೇಲೆ ಭಾರ ಹಾಕಿ ನೋಡಲಿ. ರಿಕ್ಲೈನರ್ ಆದರೆ ಪೂರ್ತಿ ವಾಲಿ ಮತ್ತೆ ನೇರವಾಗಲಿ. ಕುರ್ಚಿ ಅಲುಗಿದರೆ, ಸದ್ದು ಮಾಡಿದರೆ, ಸರಿದರೆ ಮೊದಲು ಸರಿಪಡಿಸಿ. ಆಮೇಲೂ ವಾರಕ್ಕೊಮ್ಮೆ ಸ್ಕ್ರೂ ಬಿಗಿಯಿರಿ, ಗೆದ್ದಲು ನೋಡಿ.

ಕೂರುವ ಮತ್ತು ಏಳುವ ಕ್ರಮ

*ಏಳುವಾಗ:*

1. ರಿಕ್ಲೈನರ್ ಆದರೆ ಬೆನ್ನು ನೇರ ಮಾಡಿ, ಕಾಲುಮಣೆಯನ್ನು ಪೂರ್ತಿ ಮುಚ್ಚಿ. ಕಾಲುಮಣೆಯ ಮೇಲೆ ಭಾರ ಹಾಕಿ ಇಳಿಯಬೇಡಿ.
2. ಕುರ್ಚಿಯ ಅಂಚಿಗೆ ಸರಿದು ಬನ್ನಿ.
3. ಪಾದಗಳನ್ನು ಹಿಂದಕ್ಕೆ ಎಳೆದು ನೆಲಕ್ಕೆ ಪೂರ್ತಿ ಊರಿ. ಶಸ್ತ್ರಚಿಕಿತ್ಸೆ ಆದ ಕಾಲನ್ನು ಮಾತ್ರ ಸ್ವಲ್ಪ ಮುಂದೆ ಇಡಿ.
4. ಎರಡೂ ಕೈಯಿಂದ ಕುರ್ಚಿಯ ಕೈಗಳನ್ನು ಒತ್ತಿ, ಮೈಯನ್ನು ಮುಂದಕ್ಕೆ ಬಾಗಿಸಿ ಏಳಿ. ಸೊಂಟದ ಕೀಲು ಬದಲಾಯಿಸಿಕೊಂಡವರು ಹೆಚ್ಚು ಬಾಗದೆ, ಕೈಗಳ ಬಲದಿಂದಲೇ ಏಳಬೇಕು. ವಾಕರ್ ಹಿಡಿದು ಎಳೆಯಬೇಡಿ, ಅದು ಮಗುಚುತ್ತದೆ.
5. ನಿಂತ ಮೇಲೆ ಹತ್ತು ಎಣಿಸಿ. ತಲೆ ಸುತ್ತಿದರೆ ಮತ್ತೆ ಕೂತುಬಿಡಿ. ಸುತ್ತದಿದ್ದರೆ ಹೆಜ್ಜೆ ಇಡಿ.

*ಕೂರುವಾಗ:* ಎರಡೂ ಕಾಲಿನ ಹಿಂಭಾಗ ಕುರ್ಚಿಗೆ ತಾಗುವವರೆಗೆ ಹಿಂದಕ್ಕೆ ಸರಿಯಿರಿ. ಕೈ ಹಿಂದೆ ಚಾಚಿ ಕುರ್ಚಿಯ ಕೈ ಹಿಡಿದ ಮೇಲೆಯೇ ಮೆಲ್ಲಗೆ ಕೂರಿ. ದೊಪ್ಪನೆ ಬೀಳಬೇಡಿ.

ಸಹಾಯ ಮಾಡುವವರು ರೋಗಿಯ ಪಕ್ಕ ನಿಂತು, ಸೊಂಟದ ಹಿಂದೆ ಕೈಯಿಟ್ಟು ಆಧಾರ ಕೊಡಿ. ಕೈ ಹಿಡಿದು ಎಳೆಯಬೇಡಿ. "ಏಳಿ ತಾತ, ನಾನಿದ್ದೀನಿ" ಎಂದು ಹೇಳಿ, ಅವರೇ ಏಳಲು ಸಮಯ ಕೊಡಿ.

ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಎತ್ತರ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ?
ಅಲ್ಲ. ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಕುರ್ಚಿಯ ಅಂಚು ತೊಡೆಯ ಕೆಳಭಾಗವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ, ಪಾದ ಊದುತ್ತದೆ. ಜಾರಿ ಮುಂದಕ್ಕೆ ಬೀಳಲೂಬಹುದು. ಪಾದ ತೂಗಾಡುತ್ತಿದೆಯೆಂದು ಮುಂದೆ ಮಣೆ ಇಡಬೇಡಿ. ಏಳುವಾಗ ಅದೇ ಎಡವುತ್ತದೆ.

ಎತ್ತರದ ಕುರ್ಚಿ ಅಭ್ಯಾಸವಾದರೆ ಕಾಲು ಇನ್ನೂ ಸೋಮಾರಿಯಾಗುವುದಿಲ್ಲವೇ?
ಬೇರೆಯವರು ಎತ್ತಿ ನಿಲ್ಲಿಸಿದರೆ ಕಾಲು ಕೆಲಸ ಮಾಡುವುದಿಲ್ಲ. ಎತ್ತರದ ಕುರ್ಚಿಯಿಂದ ತಾವೇ ಎದ್ದರೆ ಪ್ರತಿ ಸಲವೂ ಅದು ತೊಡೆಗೆ ವ್ಯಾಯಾಮವೇ. ಫಿಸಿಯೋಥೆರಪಿಸ್ಟ್ ಒಪ್ಪಿದರೆ ಬೆಳಿಗ್ಗೆ ಐದು, ಸಂಜೆ ಐದು ಸಲ ಕೂತು ಏಳುವ ಅಭ್ಯಾಸ ಮಾಡಿ. ಶಕ್ತಿ ಬಂದ ಮೇಲೆ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬಹುದು.

ಮಂಚ ಮತ್ತು ಪಾಯಿಖಾನೆ?
ಅಳೆಯುವ ಕ್ರಮ ಇದೇ. ಮಂಚದ ನಾಲ್ಕು ಕಾಲಿಗೂ ಗುಳಿಯಿರುವ ದಿಮ್ಮಿ ಹಾಕಬಹುದು. ನೆಲಮಟ್ಟದ ಪಾಯಿಖಾನೆಯಲ್ಲಿ ಕುಕ್ಕರುಗಾಲಲ್ಲಿ ಕೂರಲಾಗದವರಿಗೆ, ಎತ್ತರ ಹೊಂದಿಸಬಹುದಾದ ಕಮೋಡ್ ಕುರ್ಚಿ ಸಿಗುತ್ತದೆ. ಇದನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳದೆ ಕೊಳ್ಳುವುದೇ ಮೇಲು.

ಸರ್ಕಾರದಿಂದ ಏನಾದರೂ ನೆರವು ಸಿಗುತ್ತದೆಯೇ?
ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ವರ್ಷ ದಾಟಿದ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಮೊದಲಾದವನ್ನು ಶಿಬಿರಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ. ಕುರ್ಚಿ ಎತ್ತರಿಸುವ ಕೆಲಸ ನಿಮ್ಮದೇ. ಶಿಬಿರದ ಬಗ್ಗೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಹಿರಿಯರ ಉಚಿತ ಸಹಾಯವಾಣಿ 14567.

ಯಾವಾಗ ಆಸ್ಪತ್ರೆಗೆ ಬರಬೇಕು?

ಕುರ್ಚಿ ಸರಿಯಿದ್ದರೂ ಕೆಳಗಿನ ಲಕ್ಷಣಗಳಿದ್ದರೆ ತಡ ಮಾಡಬೇಡಿ:

- ನಿನ್ನೆಯವರೆಗೆ ಏಳುತ್ತಿದ್ದವರಿಗೆ ಇಂದು ಏಳಲಾಗದಿರುವುದು
- ಒಂದು ಕಡೆಯ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು
- ಒಂದೇ ಮೀನಖಂಡ ಊದಿ ನೋಯುವುದು, ಉಸಿರಾಟ ಕಷ್ಟವಾಗುವುದು
- ಶಸ್ತ್ರಚಿಕಿತ್ಸೆಯ ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು ಸೋರುವುದು
- ಬಿದ್ದ ನಂತರ ಕಾಲು ಊರಲಾಗದಿರುವುದು, ಕಾಲು ಗಿಡ್ಡವಾಗಿ ಅಥವಾ ಹೊರಕ್ಕೆ ತಿರುಗಿದಂತೆ ಕಾಣುವುದು
- ಎದ್ದು ನಿಂತಾಗಲೆಲ್ಲ ಕಣ್ಣು ಕತ್ತಲೆ ಬರುವುದು

ತುರ್ತಾದರೆ 108ಕ್ಕೆ ಕರೆ ಮಾಡಿ.

ಮನೆಗೆ ಹೋಗುವ ಮುನ್ನ

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಕೂಡಲೇ ಕುರ್ಚಿಯ ಕೆಲಸ ಶುರು ಮಾಡಿ. ರೋಗಿ ಮನೆಗೆ ಬಂದ ಮೇಲೆ ಆಚಾರಿಯನ್ನು ಹುಡುಕುವಂತಾಗಬಾರದು. ಕಾಲಿನ ಅಳತೆ ಮತ್ತು ಕುರ್ಚಿಯ ಅಳತೆ, ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ವಾರ್ಡಿನ ದಾದಿಯರಿಗೆ ತೋರಿಸಿದರೆ ಎಷ್ಟು ಏರಿಸಬೇಕೆಂದು ಲೆಕ್ಕ ಹಾಕಿಕೊಡುತ್ತಾರೆ. ಇಲ್ಲಿನ ಬೆಂಚಿನ ಮೇಲೆ ಏಳುವ ಕ್ರಮವನ್ನು ರೋಗಿಗೂ ನಿಮಗೂ ಅಭ್ಯಾಸ ಮಾಡಿಸುತ್ತಾರೆ.

ನೀರು ಬೇಕೆನಿಸಿದಾಗ ಕುಡಿದು, ಹೊರಗೆ ಹೋಗಬೇಕೆನಿಸಿದಾಗ ಯಾರನ್ನೂ ಕಾಯದೆ ತಾವೇ ಎದ್ದು ಹೋಗುವುದು ಹಿರಿಯರಿಗೆ ದೊಡ್ಡ ಸಮಾಧಾನ. ಅದಕ್ಕೆ ಮನೆಯಲ್ಲಿ ಬೇಕಾದದ್ದು ಮೂರು ನಾಲ್ಕು ಇಂಚಿನಷ್ಟು ಭದ್ರವಾದ ಮರ.